ಹನಿ ಲೆಕ್ಕದ ಮೇಷ್ಟ್ರು

ಮಾತಾಡುವ ಮೊದಲು ನಮ್ಮ ಫಿಸಿಕ್ಸ್ ಮೇಷ್ಟ್ರ ಗಂಟಲ ಗಂಟು ಒಮ್ಮೆ ಮೇಲಕ್ಕೇರಿ, ಅಲ್ಲೇ ಸ್ವಲ್ಪ ಯೋಚನೆ ಮಾಡಿ, ಕೆಳಗಿಳಿಯುತ್ತಿತ್ತು. ಕೊಳ್ಳೇಗಾಲದ ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ ಹೊಸತರಲ್ಲೇ ನಾನು ಪ್ರಿನ್ಸಿಪಾಲರ ಕೆಮ್ಮು, ಜವಾನನ ನಡಿಗೆ ಎಲ್ಲವನ್ನೂ ಅನುಕರಿಸಿ ಸ್ಟಾಫ್ ರೂಮಿನಲ್ಲಿ ಬಿಟ್ಟಿ ಕಾಫಿ ಗಿಟ್ಟಿಸಿದ್ದೆ. ಮೇಷ್ಟ್ರ ಗಂಟಲು ಮಾತ್ರ ನನಗೆ ಒಲಿಯಲಿಲ್ಲ. ನನ್ನ ಕತ್ತಿನ ತುಂಬ ನಮ್ಮವ್ವನ ಮುದ್ದೆ ತುಂಬಿತ್ತು. "ಬಿಡಯ್ಯ, ನಂದು ನಂಗೇ ಸರಿಯಾಗಿ ಬರಲ್ಲ" ಎಂದು ಅವರೇ ಸಮಾಧಾನ ಹೇಳಿದರು.

ಅವರ ಊರು ಹೊನ್ನೂರು. ಅಪ್ಪ ಅಮ್ಮ ಬೇಗ ತೀರಿಹೋಗಿ, ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅಕ್ಕನೇ ಅವರನ್ನು ಸಾಕಿ ಓದಿಸಿದ್ದರು. ಮೇಷ್ಟ್ರು ಮದುವೆಯಾಗಲಿಲ್ಲ. ಕೊಳ್ಳೇಗಾಲದ ಬಾಡಿಗೆ ಮನೆಯಲ್ಲಿ ಇದ್ದದ್ದು ಅಕ್ಕ, ತಮ್ಮ ಮತ್ತು ಒಂದು ನೀರಿನ ಹನಿ.

ಬ್ಯುರೆಟ್ಟೆಂಬ ಗಾಜಿನ ಕೊಳವೆಯ ತುದಿಯಲ್ಲಿ ಹನಿಯೊಂದನ್ನು ನಿಲ್ಲಿಸಿ, ಉಣ್ಣೆಗೆ ಉಜ್ಜಿದ ಎಬೊನೈಟ್ ಕಡ್ಡಿಯನ್ನು ಹತ್ತಿರ ತಂದರೆ ಹನಿ ಕಡ್ಡಿಯ ಕಡೆಗೆ ಮೂತಿ ಚಾಚುತ್ತದೆ. ವಿದ್ಯುತ್ತಿನ ಎಳೆತ ಹೆಚ್ಚಾದಂತೆಲ್ಲ ಮೂತಿ ಚೂಪಾಗಿ, ಕೊನೆಗೆ ಒಡೆದು ಚೂರಾಗುತ್ತದೆ. ಸರಿಯಾಗಿ ಯಾವ ಹಂತದಲ್ಲಿ ಒಡೆಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯುವುದೇ ಮೇಷ್ಟ್ರ ಡಾಕ್ಟರೇಟು. ಹನಿಯ ಆಕಾರ ಬದಲಾದರೆ ಎಳೆತ ಬದಲಾಗುತ್ತದೆ, ಎಳೆತ ಬದಲಾದರೆ ಮತ್ತೆ ಆಕಾರ. "ಗಂಡ ಹೆಂಡ್ತಿ ಜಗಳ ಕಣಯ್ಯ ಇದು. ಮದ್ವೆ ಆಗ್ದೇನೇ ನನ್ನ ತಲೆಗೆ ಬಿತ್ತು" ಎನ್ನುತ್ತಿದ್ದರು. ಲಾಗ್ ಟೇಬಲ್ ಹಿಡಿದು ವರ್ಷಗಟ್ಟಲೆ ಗುಣಿಸಿದರೂ, ಮೂತಿ ಚೂಪಾಗುವ ಹೊತ್ತಿಗೆ ಲೆಕ್ಕ ದಾರಿ ತಪ್ಪುತ್ತಿತ್ತು.

ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕೋಣೆಯಷ್ಟು ದೊಡ್ಡ ಕಂಪ್ಯೂಟರ್ ಇತ್ತು. ಅಲ್ಲಿದ್ದ ಹಳೆಯ ಸಹಪಾಠಿ, ದಸರಾ ರಜದಲ್ಲಿ ಮಿಷನ್ ಬಿಡುವಾಗಿರುವಾಗ ಮೇಷ್ಟ್ರಿಗೆ ಒಂದು ದಿನ ಕೊಡಿಸಿದರು. ಆ ತಿಂಗಳು ಮುಗಿದರೆ ಆ ಸಹಪಾಠಿಗೆ ದೆಹಲಿಗೆ ವರ್ಗ. ಆಮೇಲೆ ಕೊಳ್ಳೇಗಾಲದ ಮೇಷ್ಟ್ರನ್ನು ಆ ಬಾಗಿಲೊಳಗೆ ಬಿಡುವವರು ಯಾರೂ ಇರಲಿಲ್ಲ. ಇಡೀ ಲೆಕ್ಕವನ್ನು ಗಟ್ಟಿ ಕಾಗದದ ಕಾರ್ಡುಗಳಲ್ಲಿ ತೂತುಗಳಾಗಿ ಮೊದಲೇ ಅಲ್ಲಿ ಕೊರೆಸಿ, ತಪ್ಪು ತಿದ್ದಲು ಮನೆಗೆ ತಂದಿದ್ದರು. ಮಿಷನ್ ಓದುವುದು ಆ ತೂತುಗಳನ್ನು ಮಾತ್ರ.

ಆಯುಧಪೂಜೆಯ ದಿನ ನಾವಿಬ್ಬರೂ ಕಾಲೇಜಿನಲ್ಲಿ ಬ್ಯಾಟರಿ, ತಕ್ಕಡಿಗಳಿಗೆ ಕುಂಕುಮ ಇಡುತ್ತಿದ್ದೆವು. ಹಬ್ಬ ಕಳೆದ ಮೇಲೆ ಕಾರ್ಡಿನ ಪೆಟ್ಟಿಗೆ ಹೊತ್ತು ಬೆಂಗಳೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮೇಷ್ಟ್ರು ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಪೆಟ್ಟಿಗೆ ತೆರೆದದ್ದು ಮಿಷನ್ನಿನ ಮುಂದೆ. ಪ್ರತಿ ಕಾರ್ಡಿನ ಮೇಲೂ ಮೂರು ಬೆರಳಿನ ವಿಭೂತಿ ಪಟ್ಟೆ. ನೀರಲ್ಲಿ ಕಲಸಿ ಬಳಿದದ್ದು. ನಾವು ಕಾಲೇಜಿನಲ್ಲಿದ್ದಾಗ ಮನೆಯಲ್ಲಿ ಆಯುಧಪೂಜೆ ಮಾಡಿದ್ದ ಅಕ್ಕ ಒಂದನ್ನೂ ಬಿಟ್ಟಿರಲಿಲ್ಲ, ಒಂದನ್ನೂ ಹಿಂದುಮುಂದು ಮಾಡಿರಲಿಲ್ಲ. ಒಣಗಿಸಿ, ಅದೇ ಸಾಲಿನಲ್ಲಿ ಜೋಡಿಸಿಟ್ಟಿದ್ದರು. ಕಾರ್ಡುಗಳು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ನನಗೆ ನಗು ಬಂತು. ಮೇಷ್ಟ್ರ ಮುಖ ನೋಡಿದೆ, ನಗು ನಿಂತಿತು. ಅವರು ಒಂದೊಂದನ್ನೇ ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟರು. ಕೆಲವನ್ನು ನುಂಗಿದ ಮಿಷನ್ ಕರಕರ ಎಂದು ಕಚ್ಚಿಕೊಂಡು ನಿಂತಿತು. ಒಳಗೆಲ್ಲ ಬೂದಿ. ಅಲ್ಲಿಯ ಅಧಿಕಾರಿ ಇಂಗ್ಲಿಷಿನಲ್ಲಿ ಕೂಗಾಡಿ ನಮ್ಮನ್ನು ಹೊರಗೆ ಕಳಿಸಿದ. ಸಹಪಾಠಿ ತಲೆ ತಗ್ಗಿಸಿ ನಿಂತಿದ್ದರು. ಹೊಸದಾಗಿ ಕೊರೆಸೋಣವೆಂದರೆ ಕೊರೆಯುವವರೆಲ್ಲ ರಜದ ಮೇಲಿದ್ದರು.

ಬಸ್ಸಿನಲ್ಲಿ ಮೇಷ್ಟ್ರು ಒಂದೇ ಮಾತಾಡಿದರು: "ಅಕ್ಕಂಗೆ ಏಳ್ಬ್ಯಾಡ ಕಣಯ್ಯ." ಕಾಲೇಜಿನ ಭಾಷೆ ಅವರ ಬಾಯಿಂದ ಉದುರಿಹೋಗಿತ್ತು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ಕೆಲಸ ಆಯಿತೇ ಎಂದು ಕೇಳಿದರು.

"ಅವ್ರ ಮಿಸನ್ನೇ ಕೆಟ್ಟೋಗಿತ್ತು ಕಣಕ್ಕ."

"ಅದ್ಕೆ ಪೂಜೆ ಮಾಡಿದ್ರಾ ಅವ್ರು?"

"ಇಲ್ಲ ಕಣಕ್ಕ."

"ಮತ್ತೆ? ಕೆಡ್ದೆ ಇನ್ನೇನಾದದು" ಎಂದು ಅಕ್ಕ ತಮ್ಮನಿಗೆ ಕಾಲು ತೊಳೆಯಲು ನೀರು ಕೊಟ್ಟರು.

ಮೇಷ್ಟ್ರು ಮತ್ತೆ ಲಾಗ್ ಟೇಬಲ್ ಮುಂದೆ ಕೂತರು. ಒಂದು ದಿನ ಅದನ್ನೂ ಮುಚ್ಚಿದರು. ಹೀಗೆ ಬಿಟ್ಟರೆ ಹೇಗೆ ಸಾರ್ ಎಂದು ನಾನು ಜೋರು ಮಾಡಿದೆ. "ಹನಿಗೇನಯ್ಯ, ಯಾರು ಲೆಕ್ಕ ಹಾಕ್ದಿದ್ರೂ ಒಡೀತದೆ" ಎಂದರು. ಆಮೇಲೆ ಪಾಠ ಮಾಡಿದರು, ಸಂಬಳ ತಂದರು, ಊಟದಲ್ಲಿ ಅರ್ಧ ಬಿಟ್ಟೆದ್ದರು. ಕಾಮಾಲೆ ಹಿಡಿದಾಗ ನಾಟಿ ಔಷಧಿಯೂ ಆಯಿತು, ಮೈಸೂರಿನ ಆಸ್ಪತ್ರೆಯೂ ಆಯಿತು. ಬದುಕಬೇಕೆಂಬ ಆಸೆ ಅವರಲ್ಲಿ ಕಾಣಲಿಲ್ಲ.

ಅಕ್ಕ ಈಗ ಹೊನ್ನೂರಿನಲ್ಲಿ ಒಬ್ಬರೇ ಇದ್ದಾರೆ. ನಾನು ಹೋದಾಗಲೆಲ್ಲ ಕೇಳುತ್ತಾರೆ, "ಆ ಮಿಸನ್ನು ರಿಪೇರಿ ಆಯ್ತಾ ಮಗ? ಅದೊಂದು ನೆಟ್ಗಿದ್ದಿದ್ರೆ ಇವ್ನು ಉಳ್ಕೊತಿದ್ದ." ಎಲ್ಲರ ದನಿಯನ್ನೂ ಅನುಕರಿಸುವ ನಾನು ನೆಲ ನೋಡಿಕೊಂಡು, ಇಲ್ಲ ಎನ್ನುತ್ತೇನೆ. ನನಗೆ ಹನಿ ತೋರಿಸಿದವರಿಗೆ ನಾನು ತೀರಿಸುತ್ತಿರುವ ಋಣ ಇಷ್ಟೇ. ಅಕ್ಕನಿಗೆ ಓದು ಬಾರದು. ಇದನ್ನು ಓದಿದವರು ಆ ಕಡೆ ಹೋದರೆ, ಅವರು ಕೇಳಿದರೆ, ದಯವಿಟ್ಟು ನೀವೂ ಹಾಗೇ ಹೇಳಿ: ಇನ್ನೂ ರಿಪೇರಿಯಾಗಿಲ್ಲ.