ಕುರ್ಚಿ ಎಳೆಯಿರಿ ಎಂದು ಕೇಳುವ ಮೆತ್ತೆಯಕ್ಕ

ಕುರ್ಚಿಯ ಕಾಲಿಗೆ ಬಟ್ಟೆ ಹೊಲಿಯುವವರೊಬ್ಬರ ಬಗ್ಗೆ ಇಷ್ಟು ಜಾಗ ತೆಗೆದುಕೊಳ್ಳುತ್ತಿರುವುದಕ್ಕೆ ಓದುಗರು ಮನ್ನಿಸಬೇಕು. ಇದಕ್ಕಿಂತ ಚೆನ್ನಾಗಿ ಬರೆಯಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಯಾರೂ ಈ ಮೆಟ್ಟಿಲು ಹತ್ತಿದಂತೆ ಕಾಣುವುದಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಮೆತ್ತೆಯಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಹಳೆಯ ಕೋಟೊಂದನ್ನು ಕತ್ತರಿಸುತ್ತಿದ್ದಾರೆ. ತೋಳು ಕುರ್ಚಿಗೆ, ಬೆನ್ನಿನ ಭಾಗ ಮಂಚಕ್ಕೆ. ಉಣ್ಣೆಯನ್ನು ಎರಡು ಪದರ ಮಡಿಸಿ ಹೊಲಿದು, ಎಳೆದಾಗ ಕೆಳಗಿನ ಮನೆಗೆ ಸದ್ದು ಕೇಳದಂತೆ ಕುರ್ಚಿ, ಮಂಚಗಳ ಕಾಲಿಗೆ ಕಾಲುಚೀಲದ ಹಾಗೆ ತೊಡಿಸುವುದು ಅವರ ಕಸುಬು. ಗಂಡ ಹಾಸಿಗೆ ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ಕೈಬಿಟ್ಟು ಹೋಯಿತು, ಸೂಜಿ ಕೈಯಲ್ಲೇ ಉಳಿಯಿತು. ಮೂರು ಮನೆಯ ಕೆಲಸ ಸಿಕ್ಕಿದ ದಿನ ಚೆನ್ನಾಗಿ ನಿದ್ದೆ ಬರುತ್ತದಂತೆ.

ಕರೆದ ಕಡೆ ಕೆಲಸಕ್ಕೆ ಮೊದಲು ಮೇಲಿನ ಮನೆಯವರನ್ನು ಕೆಳಗಿನ ಮನೆಗೆ ಕಳಿಸಿ, ತಾವು ಮೇಲೆ ನಿಂತು ಕುರ್ಚಿ ಎಳೆಯುತ್ತಾರೆ. "ನಾವೇನು ಅಷ್ಟೊಂದು ಸದ್ದು ಮಾಡ್ತೀವಾ ಅಂತ ಮೂಗು ಮುರ್ಕೊಂಡು ಇಳೀತಾರೆ. ಹತ್ತಿ ಬರೋವಾಗ ಮುಖ ಇಷ್ಟಾಗಿರುತ್ತೆ. ಒಬ್ರಂತೂ, 'ಅಯ್ಯೋ, ನಾವು ಆನೆ ಸಾಕಿದೀವಿ ಅಂತ ಕೆಳಗಿನೋರು ಅಂದ್ಕೊಂಡಿರ್ತಾರೆ ಕಣಮ್ಮ' ಅಂದ್ರು."

ಆದರೆ ಅವರದೇ ಮನೆಯ ಛಾವಣಿಯ ಮೇಲೆ ಈಗ ಒಂದು ಸದ್ದೂ ಇಲ್ಲ. ಅವರ ಸಂಕಟ ಅದೇ. ಮೊದಲು ಅಲ್ಲಿ ಅಣ್ಣ, ಅತ್ತಿಗೆ ಇದ್ದರು. ಬೆಳಗ್ಗೆ ಅತ್ತಿಗೆ ಕುರ್ಚಿ ಎಳೆದರೆ ಇವರು ಒಲೆ ಹಚ್ಚುತ್ತಿದ್ದರು. ಅವರ ಮಕ್ಕಳು ಕುಣಿದರೆ ಸುಣ್ಣ ಉದುರಿ ಕಲಸಿದ ಹಿಟ್ಟಿಗೆ ಬೀಳುತ್ತಿತ್ತು. "ಪೊರಕೆ ಹಿಡಿಯಿಂದ ಮೇಲಕ್ಕೆ ಕುಟ್ತಿದ್ದೆ. ಅತ್ತಿಗೆ ಅಲ್ಲಿಂದ ತಿರುಗಿ ಕುಟ್ಟೋರು. ಜಗಳಾನೂ ಆಯ್ತು, ಮಾತೂ ಆಯ್ತು." ಅತ್ತಿಗೆ ತೀರಿಹೋದರು. ಅಣ್ಣ ಮಗಳ ಮನೆ ಸೇರಿದರು.

ಈಗ ಅಲ್ಲಿರುವುದು ಗಂಡ, ಹೆಂಡತಿ, ಪುಟ್ಟ ಹುಡುಗಿ. ಕೆಳಗಿರುವವರು ಸದ್ದು ಅಡಗಿಸುವವರೆಂದು ಯಾರೋ ಕಿವಿಯಲ್ಲಿ ಊದಿದ್ದಾರೆ. ಮೂವರೂ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಾರೆ. ಹೋದ ತಿಂಗಳು ತಡೆಯಲಾರದೆ ಮೆತ್ತೆಯಕ್ಕ ಮೇಲೆ ಹೋಗಿ, "ಎಳೀರಮ್ಮ ಕುರ್ಚೀನ, ಧಾರಾಳವಾಗಿ ಎಳೀರಿ. ಮಗೂನ ಕುಣಿಯೋಕೆ ಬಿಡಿ" ಎಂದರು. ಹುಡುಗಿಯ ತಾಯಿ ಬಿಳಿಚಿಕೊಂಡು, "ತಪ್ಪಾಯ್ತು ಆಂಟಿ, ಇನ್ಮೇಲೆ ಹಾಗಾಗಲ್ಲ" ಎಂದರು. ಸಂಜೆಯೊಳಗೆ ಆ ಮನೆಯ ನೆಲಕ್ಕೆ ದಪ್ಪ ಜಮಖಾನೆ ಬಂತು.

"ಚುಚ್ಚಿ ಮಾತಾಡ್ದೆ ಅಂದ್ಕೊಂಡ್ರು. ಇಷ್ಟು ವರ್ಷ ಎಲ್ಲರ ಸದ್ದು ಅಡಗಿಸ್ದೋಳು, ಈಗ ಸದ್ದು ಮಾಡಿ ಅಂದ್ರೆ ಯಾರು ನಂಬ್ತಾರೆ?" ಮೆತ್ತೆಯಕ್ಕ ನಗುತ್ತಾರೆ, ಹಲ್ಲಿನಿಂದ ದಾರ ತುಂಡರಿಸುತ್ತಾರೆ. "ಪೇಪರ್‌ನೋರು ಹೇಳಿದ್ರೆ ನಂಬ್ತಾರೇನೋ. ಒಂದ್ಸಲ ಹೇಳ್ತೀರಾ? ಆ ಮಗು ಓಡಾಡೋದು ಕೇಳಿಸ್ಬೇಕು ನಂಗೆ, ಅಷ್ಟೇ."

ಹೊರಡುವ ಮುಂಚೆ ಮೇಲಿನ ಬಾಗಿಲು ತಟ್ಟಿ, ಆಡಿದ ಮಾತನ್ನು ಆಡಿದಂತೆಯೇ ತಲುಪಿಸಿದ್ದಾಗಿದೆ. ಹುಡುಗಿ ತಾಯಿಯ ಹಿಂದೆ ನಿಂತು ಕೇಳಿಸಿಕೊಂಡಳು. "ಆಯ್ತು, ಇನ್ನೂ ಹುಷಾರಾಗಿರ್ತೀವಿ" ಎಂದು ತಾಯಿ ಮೆಲ್ಲಗೆ ಬಾಗಿಲು ಹಾಕಿಕೊಂಡರು. ಹೇಳಿದ ರೀತಿಯೇ ಸರಿಯಿರಲಿಲ್ಲವೇನೋ. ಹುಡುಗಿಗೆ ಏನು ಅರ್ಥವಾಯಿತು ಎನ್ನುವುದು ಮಾತ್ರ ನಿಜಕ್ಕೂ ಗೊತ್ತಿಲ್ಲ.