ಅಮ್ಮ ಆರಿಸಿದ ಚರಿತ್ರೆ

ನನ್ನ ಅಕ್ಕ ಸೌಮ್ಯನಾಯಕಿಗೆ ಮೂರು ವರ್ಷ ತುಂಬುವ ಮೊದಲೇ ಜ್ವರ ಬಂದು ಬಲಗಾಲು ಸೋತುಹೋಯಿತು. ಪೋಲಿಯೊ ಎಂದು ರೈಲ್ವೆ ಡಾಕ್ಟರು ಹೇಳಿದರಂತೆ. ಆ ಒಂದು ಕಾಲಿನಿಂದಾಗಿ ಮನೆಯೊಳಗೆ ಉಳಿದುಹೋದವರು ಮೂರು ಜನ. ಅಕ್ಕ, ನಾನು, ನಮ್ಮಿಬ್ಬರಿಗೂ ಮೇಷ್ಟರಾಗಬೇಕಾಗಿ ಬಂದ ನಮ್ಮಮ್ಮ ಕೋಮಲವಲ್ಲಿ.

ಅರಸೀಕೆರೆಯಲ್ಲಿ ನಮ್ಮ ಬಾಡಿಗೆ ಮನೆ ರೈಲು ಹಳಿಗಳ ಈಚೆಗಿತ್ತು, ಹುಡುಗಿಯರ ಶಾಲೆ ಆಚೆಗೆ. ಅಪ್ಪ ಪಾರ್ಥಸಾರಥಿ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. 1955ರಲ್ಲಿ ಅಕ್ಕನಿಗೆ ಏಳು, ನನಗೆ ಐದು. ಶಾಲೆಗೆ ಸೇರಿಸುವ ಮಾತು ಬಂದಾಗ ಅಪ್ಪನ ತಾಯಿ ಶ್ರೀರಂಗಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತೀರ್ಮಾನ ಕೊಟ್ಟರು.

“ಕುಂಟಿಕೊಂಡು ಹಳಿ ದಾಟೋ ಮಗೂನ ಊರು ನೋಡಿ ನಗಬೇಕಾ? ಅವಳು ಮನೇಲೇ ಓದ್ಲಿ.”

“ಆಂಡಾಳುವನ್ನಾದ್ರೂ ಕಳಿಸೋಣ ಅತ್ತೆ,” ಎಂದಳು ಅಮ್ಮ. ಆಂಡಾಳು ಎಂದರೆ ನಾನು.

“ದೊಡ್ಡವಳು ಮೂಲೇಲಿ ಕೂತಿರೋವಾಗ ಚಿಕ್ಕವಳು ಚೀಲ ಹಾಕ್ಕೊಂಡು ಓಡಿದ್ರೆ ಅದರ ಹೊಟ್ಟೆ ಉರಿಯಲ್ವೇನೇ? ತಾಯಿಯಾಗಿ ನಿನಗೆ ಗೊತ್ತಾಗೋದಿಲ್ವೇ?”

ಅಪ್ಪ ಒಂದು ದಾರಿ ಹೇಳಿದರು. ಮಕ್ಕಳು ಮನೆಯಲ್ಲೇ ಓದಿ, ದೊಡ್ಡವರಾದ ಮೇಲೆ ಖಾಸಗಿಯಾಗಿ ಮಿಡ್ಲ್ ಸ್ಕೂಲ್ ಪರೀಕ್ಷೆಗೆ ಕೂರಬಹುದು. ಅಮ್ಮ ಬೇಲೂರಿನಲ್ಲಿ ಅದೇ ಪರೀಕ್ಷೆ ಪಾಸು ಮಾಡಿ, ಅದರ ಮರುವರ್ಷವೇ ಮದುವೆಯಾಗಿ ಬಂದವಳು. ಓದು ಅಲ್ಲಿಗೇ ನಿಂತಿತ್ತು. ನನ್ನ ಕಾಲುಗಳು ಚೆನ್ನಾಗಿಯೇ ಇದ್ದವು. ಬೆಳಿಗ್ಗೆ ಹಳಿ ದಾಟಿ ಹೋಗುವ ಹುಡುಗಿಯರ ಜಡೆಗಳನ್ನು ಕಿಟಕಿಯಿಂದ ನೋಡುತ್ತಾ ಅಕ್ಕನ ಮೇಲೆ ಒಳಗೊಳಗೇ ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಕನ್ನಡ, ಮಗ್ಗಿ, ಲೆಕ್ಕ ಅಮ್ಮನಿಗೆ ಕಷ್ಟವಾಗಲಿಲ್ಲ. ತೊಡಕಾದದ್ದು ಚರಿತ್ರೆ. ಅಪ್ಪ ಯಾರಿಂದಲೋ ಹಳೆಯ ಪಠ್ಯಪುಸ್ತಕ ತಂದುಕೊಟ್ಟರು. ಪರೀಕ್ಷೆಗೆ ಬರುವುದು ಇದೇ, ಮೊದಲಿನಿಂದ ಇದನ್ನೇ ಉರು ಹಾಕಿಸು ಎಂದರು. ಅಜ್ಜಿ, ಹೆಣ್ಣುಮಕ್ಕಳಿಗೆ ರಾಜರ ಉಸಾಬರಿ ಯಾಕೆ, ದೇವರ ಕಥೆ ಹೇಳಿದರೆ ಅದೇ ಚರಿತ್ರೆ ಎಂದರು. ಅಮ್ಮ ಪಠ್ಯಪುಸ್ತಕದಿಂದಲೇ ಶುರು ಮಾಡಿದಳು. ಎರಡನೆಯ ದಿನಕ್ಕೇ ಅಕ್ಕ ಕೇಳಿದಳು.

“ಆಡಳಿತ ಪದ್ಧತಿ ಅಂದ್ರೆ ಏನಮ್ಮಾ?”

ಅಮ್ಮ ಯೋಚಿಸಿ, “ನಮ್ಮನೇಲಿ ಅಜ್ಜಿ ಮಾಡ್ತಾರಲ್ಲ, ಅದು,” ಎಂದಳು.

ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. ಅದಾದ ಮೇಲೆ ಒಂದು ವಾರ ಅಜ್ಜಿ ಅಮ್ಮನ ಜೊತೆ ಗೋಡೆಗೆ ಹೇಳುವ ಹಾಗೆ ಮಾತಾಡಿದರು.

ಅಮ್ಮನಿಗೆ ಆ ಪುಸ್ತಕ ಹಿಡಿಸಲಿಲ್ಲ. ನಮಗಂತೂ ಅದು ಇಸವಿಗಳ ಪಟ್ಟಿ. ಕೊನೆಗೆ ಅವಳು ಬೇಲೂರಿನ ತನ್ನ ತಂದೆಗೆ ಕಾಗದ ಬರೆದಳು. ಭಾಷ್ಯಂ ತಾತ ಅಲ್ಲಿ ದೇವಸ್ಥಾನದ ಸೇವೆಯಲ್ಲಿದ್ದವರು. “ಇಷ್ಟು ಚಿಕ್ಕ ಮಕ್ಕಳಿಗೆ ಚರಿತ್ರೆಯನ್ನು ಎಲ್ಲಿಂದ ಶುರು ಮಾಡಬೇಕು?” ಎಂದು ಕೇಳಿದ್ದಳು. ತಾತನ ಉತ್ತರ ಕಾರ್ಡಿನಲ್ಲಿ ಬಂತು. “ಮಗು ಬೆರಳು ಮಾಡಿ ತೋರಿಸಬಹುದಾದ ವಸ್ತುವಿನಿಂದ ಶುರು ಮಾಡು. ಇಸವಿ ಆಮೇಲೆ ತಾನೇ ಬರುತ್ತೆ. ವಾರಕ್ಕೊಂದು ಕಾಗದ ನಾನು ಬರೆಯುತ್ತೇನೆ.”

ಹಾಗೇ ಬರೆದರು. ಒಂದು ವಾರ ಗುಡಿಯ ಬುಡದಲ್ಲಿರುವ ಆನೆಗಳ ಸಾಲು. ಒಂದರಂತೆ ಇನ್ನೊಂದಿಲ್ಲ, ಯಾವುದು ಸೊಂಡಿಲು ಮಡಚಿದೆ, ಯಾವುದು ಮುಂದಿನದರ ಬಾಲ ಹಿಡಿದಿದೆ ಎಂದು ನಿಂತು ನೋಡಿ ಬರೆದಿದ್ದರು. ಇನ್ನೊಂದು ವಾರ ವಿಗ್ರಹಗಳ ಕೆಳಗೆ ಕೆತ್ತಿರುವ ಹೆಸರುಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. “ರಾಜನ ಹೆಸರು ಎಲ್ಲರಿಗೂ ಗೊತ್ತು. ಇವರು ಅಪ್ಪ ಮಗ ಊಟಕ್ಕೆ ಏನು ಮಾಡುತ್ತಿದ್ದರು? ಬಳ್ಳಿಗಾವೆಯಿಂದ ಹೇಗೆ ಬಂದರು? ಮಕ್ಕಳನ್ನೇ ಕೇಳು,” ಎಂದು ಬರೆದಿದ್ದರು. ಒಮ್ಮೆ ತೆಳು ಕಾಗದವನ್ನು ಶಾಸನದ ಕಲ್ಲಿನ ಮೇಲೆ ಒತ್ತಿ, ಇದ್ದಿಲು ಉಜ್ಜಿ, ಅಕ್ಷರಗಳ ಅಚ್ಚು ತೆಗೆದು ಕಳಿಸಿದರು. ಅಕ್ಕ ಅದನ್ನು ನೆಲದ ಮೇಲೆ ಹರಡಿಕೊಂಡು ನಮ್ಮ ಅಕ್ಷರಮಾಲೆಯ ಜೊತೆ ಹೋಲಿಸುತ್ತಾ ಮಧ್ಯಾಹ್ನವೆಲ್ಲಾ ಕೂತಳು. ಹಳೇಬೀಡಿನ ಹತ್ತಿರದ ಹುಲಿಕೆರೆಗೆ ಹೋಗಿ ಹಳೆಯ ಕೊಳದ ಮೆಟ್ಟಿಲಿಳಿದು, ಮಂಡಿ ನೋವು ಬಂದದ್ದನ್ನೂ ತಾತ ಬರೆದರು. ನಾವು ಸೀಮೆಸುಣ್ಣದಲ್ಲಿ ಅಂಗಳದ ತುಂಬ ಆ ಕೊಳ ಬರೆದೆವು. ಅಜ್ಜಿ ಅದನ್ನು ತುಳಿಯದೆ ಸುತ್ತಿಕೊಂಡು ಹೋದದ್ದು ನನಗೆ ನೆನಪಿದೆ.

ಕಣಕಟ್ಟೆಯಿಂದ ಬಂದು ಹಿತ್ತಲ ಬಾಗಿಲಲ್ಲಿ ಮೊಸರು ಕೊಡುತ್ತಿದ್ದ ಗಿಡ್ಡಮ್ಮನನ್ನೂ ಅಮ್ಮ ಪಾಠಕ್ಕೆ ಸೇರಿಸಿಕೊಂಡಳು. “ಈ ರೈಲು ಮೊದಲು ಬಂದಾಗ ನಿಮ್ಮೋರು ಯಾರಾದ್ರೂ ನೋಡಿದ್ರಾ ಗಿಡ್ಡಮ್ಮ?” ಎಂದು ಕೇಳಿದಳು.

“ನೋಡೋದೇನವ್ವಾ, ದಾರಿಗೆ ಮಣ್ಣು ಹೊತ್ತೋಳೇ ನಮ್ಮಜ್ಜಿ. ಅದ್ಕೂ ಮುಂಚೆ ದೊಡ್ಡ ಬರ ಬಂದಿತ್ತಂತೆ. ಬೇರು ನಾರು ಬೇಯ್ಸ್ಕೊಂಡು ತಿಂದ್ರಂತೆ. ಆವಮ್ಮ ಸಾಯೋಗಂಟ ತಟ್ಟೇಲಿ ಒಂದಗುಳು ಬಿಟ್ಟೋಳಲ್ಲ.” ಗಿಡ್ಡಮ್ಮ ಕುಕ್ಕೆ ಎತ್ತಿಕೊಂಡು, “ಇದ್ನೆಲ್ಲ ಬರ್ಕೊಳ್ತೀರಾ? ಇದೂ ಓದೋದೇನವ್ವಾ?” ಎಂದು ನಕ್ಕಳು.

ನಾವು ಬರೆದುಕೊಂಡೆವು. ಐದು ವರ್ಷ ಹೀಗೆ ನಡೆಯಿತು. ಗುಡಿ, ಕೊಳ, ಹಳಿ, ಬರ ಎಲ್ಲವೂ ನಮ್ಮ ನಡುಮನೆಗೆ ಬಂದವು. ನಾವು ಮಾತ್ರ ಎಲ್ಲಿಗೂ ಹೋಗಲಿಲ್ಲ. ಒಮ್ಮೆ ಅಕ್ಕ, “ಹಳೇಬೀಡಿನ ಗುಡಿ ಒಳಗೆ ಹೇಗಿದೆಯಮ್ಮಾ?” ಎಂದಾಗ ಅಮ್ಮ, “ನಾನು ನೋಡಿಲ್ಲ,” ಎಂದಳು. ನಮಗೆ ನಂಬಿಕೆಯಾಗಲಿಲ್ಲ. ಬೇಲೂರಿನಲ್ಲಿ ಹುಟ್ಟಿದವಳು, ಅಲ್ಲಿಂದ ಹತ್ತು ಮೈಲಿ. ತವರಿಗೆ ಹೋಗುವಾಗ ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಪ್ರತಿ ಸಲವೂ ಮಡಿಲಲ್ಲಿ ಕೂಸು, ಕಾಲ ಬಳಿ ಗಂಟು, ಜೊತೆಯಲ್ಲಿ ಯಾರೋ ಹಿರಿಯರು. “ಇಳೀಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ. ನಾನು ಕೇಳ್ಲಿಲ್ಲ,” ಎಂದಳು. ಕರೆದುಕೊಂಡು ಹೋಗಿ ಎಂದು ಅಪ್ಪನನ್ನು ಕೇಳಿದ್ದಳು. ಭಾನುವಾರವೂ ಗೂಡ್ಸ್ ಇರುತ್ತೆ, ಆ ಕಾಲು ಕಟ್ಟಿಕೊಂಡು ಎಲ್ಲಿ ಅಲೆಯುವುದು ಎಂದಿದ್ದರು.

1960ರ ವೈಶಾಖದಲ್ಲಿ ಬೇಲೂರಿನಲ್ಲಿ ಸೋದರಮಾವನ ಮಗನಿಗೆ ಉಪನಯನ. ಅಪ್ಪ ನಮ್ಮ ಮೂವರನ್ನೂ ಬೆಳಗಿನ ಬಸ್ಸಿಗೆ ಹತ್ತಿಸಿ, ತಾವು ಮರುದಿನ ಬರುವುದಾಗಿ ಹೇಳಿದರು. ಬಾಣಾವರ, ಜಾವಗಲ್ ದಾಟಿತು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಅಮ್ಮ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ಎದ್ದು ಗಂಟು ಕೆಳಗಿಳಿಸಿದಳು.

“ಬೇಲೂರು ಇನ್ನೂ ಮುಂದಮ್ಮಾ,” ಎಂದ ಕಂಡಕ್ಟರು.

“ಗೊತ್ತು. ನಾವು ಇಲ್ಲೇ ಇಳೀತೀವಿ.”

ಅಕ್ಕನನ್ನು ತೋಳಿಗೆ ಆನಿಸಿಕೊಂಡು ಇಳಿಸಿದಳು, ನಾನು ಊರುಗೋಲು ಹಿಡಿದುಕೊಂಡೆ. ಬಸ್ಸು ಹೊರಟುಹೋಯಿತು. ಗಂಟನ್ನು ಹೂವಿನವಳ ಹತ್ತಿರ ಬಿಟ್ಟು ಗುಡಿಯ ಕಡೆ ನಡೆದೆವು. ಗುಡಿಯನ್ನು ಸುತ್ತಲು ನಮಗೆ ಎರಡು ಗಂಟೆ ಹಿಡಿಯಿತು. ಅಕ್ಕ ಒಂದು ವಿಗ್ರಹದ ಕೆಳಗೆ ನೆಲದ ಮೇಲೆ ಕೂತೇಬಿಟ್ಟಳು. ಪೀಠದ ಮೇಲೆ ಸಣ್ಣ ಅಕ್ಷರಗಳಿದ್ದವು. ಬೆರಳಿಟ್ಟು ತಡವುತ್ತಾ ಹೋದಳು. ಪೂರ್ತಿ ಓದಲಾಗಲಿಲ್ಲ, ಎರಡು ಅಕ್ಷರ ಸಿಕ್ಕವು. “ಅಮ್ಮಾ, ಇದು ‘ಮ’! ತಾತ ಕಳಿಸಿದ ಹಾಗೇ ಇದೆ!” ಎಂದು ಕೂಗಿದಳು. ಅಮ್ಮ ಆ ಕಡೆ ನೋಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಎದುರಿನ ಬಯಲನ್ನು ನೋಡುತ್ತಾ ಅಳುತ್ತಿದ್ದಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಯಾಕೆ ಎಂದು ಕೇಳಲು ಹೆದರಿಕೆಯಾಯಿತು.

ಮುಂದಿನ ಬಸ್ಸು ಕೆಟ್ಟು ತಡವಾಗಿ, ನಾವು ಬೇಲೂರು ತಲುಪಿದಾಗ ದೀಪ ಹಚ್ಚುವ ಹೊತ್ತು. ತಾತ ಏನೂ ಕೇಳಲಿಲ್ಲ, ನೋಡಿ ನಕ್ಕರು. ಆದರೆ ಅದೇ ಬೆಳಗಿನ ಬಸ್ಸಿನಲ್ಲಿ ಅಪ್ಪನ ಆಫೀಸಿನ ಇಂದುಧರ ಇದ್ದರು. ಉಪನಯನ ಮುಗಿಸಿ ಅಪ್ಪ ಕೆಲಸಕ್ಕೆ ಹೋದ ದಿನ ಅವರು ಸಹಜವಾಗಿಯೇ ಕೇಳಿದರಂತೆ, “ಹಳೇಬೀಡಿನಲ್ಲಿ ನಿಮ್ಮ ನೆಂಟರು ಯಾರಿದಾರೆ ಸಾರ್? ಮನೆಯವರು ಅಲ್ಲಿ ಇಳಿದ್ರಲ್ಲಾ?”

ಅಪ್ಪ ಕೂಗಾಡುವ ಮನುಷ್ಯರಲ್ಲ. ಮನೆಗೆ ಬಂದು ಶರ್ಟು ಮೊಳೆಗೆ ಹಾಕಿ, “ನೀನು ನನ್ನ ಕೇಳಬೇಕಿತ್ತು,” ಎಂದರು.

“ಕೇಳಿದ್ದೆ,” ಎಂದಳು ಅಮ್ಮ.

ಅಜ್ಜಿ ನಡುವೆ ಬಂದರು. “ಇದೆಲ್ಲಾ ಆ ಕಾಗದಗಳ ಕೆಲಸ. ಗಂಡನಿಗೆ ಹೇಳದೆ ಊರೂರಲ್ಲಿ ಇಳಿಯೋದು ಕಲಿಸೋದು ಯಾವ ಚರಿತ್ರೆಯೋ! ಇನ್ನು ಕಾಗದವೂ ಬೇಡ, ತವರೂ ಬೇಡ.”

ಅಪ್ಪ ಆಮೇಲೆ ಹೇಳಿದ ಮಾತು ಅಮ್ಮನನ್ನು ಹೆಚ್ಚು ಚುಚ್ಚಿತು. “ಸೌಮ್ಯ ಪರೀಕ್ಷೆಗೆ ಕೂರೋದಕ್ಕೆ ಇನ್ನೆರಡು ವರ್ಷ. ಪುಸ್ತಕದ ಕಾಲು ಭಾಗವೂ ಆಗಿಲ್ಲ. ಆನೆ ಬಾಲದ ಬಗ್ಗೆ ಯಾವನು ಪ್ರಶ್ನೆ ಕೇಳ್ತಾನೆ? ಫೇಲಾದ್ರೆ ಈ ಹುಡುಗಿಗೆ ಈ ಮನೆ ಬಿಟ್ರೆ ಇನ್ನೇನಿದೆ ಹೇಳು.”

ಅದು ನಿಜವೆಂದು ಅಮ್ಮನಿಗೆ ಗೊತ್ತಿತ್ತು. ಅಜ್ಜಿಯ ಅಪ್ಪಣೆಯನ್ನು ಅವಳು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದಳೋ ಏನೋ, ಈ ಮಾತಿನಿಂದ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮರುದಿನ ತಾತನಿಗೆ ತಾನೇ ಬರೆದಳು, ಇನ್ನು ಕಳಿಸಬೇಡಿ ಎಂದು. ಐದು ವರ್ಷದ ಕಾಗದಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಳು. ಪಠ್ಯಪುಸ್ತಕ ತೆಗೆದಳು.

ಆ ಎರಡು ವರ್ಷ ನಮ್ಮ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ಬೆಳಿಗ್ಗೆ ಹತ್ತು ಇಸವಿ, ಸಂಜೆ ಹತ್ತು ಇಸವಿ. ಯುದ್ಧದ ಕಾರಣಗಳು ನಾಲ್ಕು, ಪರಿಣಾಮಗಳು ಐದು. ಒಂದು ತಪ್ಪಿದರೆ ಮೊದಲಿನಿಂದ ಹೇಳಬೇಕು. ಭಾನುವಾರ ಅಪ್ಪ ಪ್ರಶ್ನೆ ಕೇಳುತ್ತಿದ್ದರು. ನಮ್ಮ ಜೊತೆ ನೆಲದಲ್ಲಿ ಕೂರುತ್ತಿದ್ದ ಅಮ್ಮ ಈಗ ಮಣೆಯ ಮೇಲೆ ಕೂತು, ಮುಖ ನೋಡದೆ ಕೇಳುತ್ತಿದ್ದಳು. ಅಕ್ಕ ಉತ್ತರ ಒಪ್ಪಿಸುತ್ತಿದ್ದಳು, ಅಷ್ಟೇ. ಅದನ್ನು ಬಿಟ್ಟು ಅಮ್ಮನ ಜೊತೆ ಮಾತು ನಿಲ್ಲಿಸಿಬಿಟ್ಟಿದ್ದಳು. ಒಂದು ದಿನ ಮಾತ್ರ ತಡೆಯಲಾರದೆ, “ನೀನೂ ಅವರ ಹಾಗೇ ಆಗಿಬಿಟ್ಟೆ,” ಎಂದಳು. ಅಮ್ಮ ಪುಸ್ತಕದ ಹಾಳೆ ತಿರುಗಿಸಿ, “ಮೂರನೇ ಕಾರಣ ಹೇಳು,” ಎಂದಳು.

ಕಾಗದ ನಿಂತು ಎರಡು ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿದರು, “ನಿಮ್ಮಪ್ಪ ಈಗೇನೂ ಬರೆಯೋದೇ ಇಲ್ವೇನೇ?”

“ಬೇಡ ಅಂದಿದ್ರಲ್ಲ ಅತ್ತೆ.”

“ಹೂಂ, ಅಂದಿದ್ದೆ.” ಇನ್ನೊಂದು ಬತ್ತಿ ಹೊಸೆದಿಟ್ಟು, “ಆ ಅಪ್ಪ ಮಗ ಶಿಲ್ಪಿಗಳು ವಾಪಸ್ಸು ಊರಿಗೆ ಹೋದ್ರಾ, ಇಲ್ಲೇ ಉಳಿದ್ರಾ?” ಎಂದರು. ಅಷ್ಟು ವರ್ಷ ಅಡುಗೆಮನೆಯೊಳಗಿಂದ ಅವರೂ ಪಾಠ ಕೇಳಿದ್ದರು. ಅಮ್ಮ, ಗೊತ್ತಿಲ್ಲ ಎಂದಳು. ಕೇಳಿ ಬರೆಸು ಎಂದು ಅಜ್ಜಿ ಹೇಳಲಿಲ್ಲ. ಹೇಳಿದ್ದರೆ ಅಮ್ಮ ಬರೆಯುತ್ತಿದ್ದಳೋ ಇಲ್ಲವೋ.

1962ರಲ್ಲಿ ಅಕ್ಕ ಪರೀಕ್ಷೆಗೆ ಕೂತಳು. ಅಪ್ಪ ಜಟಕಾ ಮಾಡಿ ಆರು ದಿನವೂ ಕರೆದುಕೊಂಡು ಹೋದರು. ಚರಿತ್ರೆಯಲ್ಲೇ ಹೆಚ್ಚು ಅಂಕ ಬಂದು ಪಾಸಾದಳು. ಹಾಸನದಲ್ಲಿದ್ದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಸೇರಿದಳು. ಹೊರಡುವ ದಿನ ಅಮ್ಮನಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ. ಎರಡು ವರ್ಷದ ನಂತರ ನಾನೂ ಪಾಸಾದೆ. ಹಾಸನಕ್ಕೆ ಇಬ್ಬರನ್ನು ಕಳಿಸಲಾಗುವುದಿಲ್ಲ ಎಂದು ನನ್ನ ಓದು ಅಲ್ಲಿಗೆ ನಿಂತಿತು. ಹದಿನೇಳಕ್ಕೆ ನನ್ನ ಮದುವೆಯಾಯಿತು.

ಮದುವೆಗೆ ಬಂದಾಗ ಅಕ್ಕ ಹಾಸನದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಹಪ್ಪಳ ಒತ್ತುತ್ತಾ ಕೂತಿದ್ದಾಗ ಅಮ್ಮನನ್ನು ನೇರವಾಗಿ ಕೇಳಿದಳು. “ನಿನಗೆ ಆ ಪುಸ್ತಕ ಇಷ್ಟ ಇತ್ತಾ?”

“ಒಂದು ದಿನಾನೂ ಇರ್ಲಿಲ್ಲ.”

“ಹಾಗಂತ ಆಗ ಹೇಳಬಾರದಾಗಿತ್ತಾ?”

“ಹೇಳಿದ್ರೆ ನೀನು ಓದ್ತಿರ್ಲಿಲ್ಲ.”

ಅಕ್ಕನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಉಳಿಯಿತು. ಆಮೇಲೆ ಅವಳು ಅಮ್ಮನ ಭುಜಕ್ಕೆ ತಲೆ ಒರಗಿಸಿದಳು. ಅಮ್ಮ ಎಣ್ಣೆಗೈಯನ್ನು ದೂರ ಹಿಡಿದುಕೊಂಡು ಕೂತಿದ್ದಳು.

ಅದರ ಮರುವರ್ಷ ಅಜ್ಜಿ ತೀರಿಕೊಂಡರು. ಬೇಡ ಎನ್ನುವವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಪ್ಪನೇ ಒಂದು ಸಲ, “ಸೌಮ್ಯಂಗೆ ಬೇಲೂರಿನ ಹತ್ತಿರ ಬಿಕ್ಕೋಡಿನ ಸ್ಕೂಲಲ್ಲಿ ಕೆಲಸ ಆಗಿದೆಯಲ್ಲ, ಹೋಗಿ ನಾಲ್ಕು ದಿನ ಇದ್ದು ಬಾ,” ಎಂದರು. ಅಮ್ಮ ಆಯಿತು ಎಂದಳು. ಸೀರೆ ಮಡಿಸಿಟ್ಟಳು. ಹೊರಡುವ ಬೆಳಿಗ್ಗೆ ಬಾಗಿಲವರೆಗೆ ಬಂದು ನಿಂತು, ಹಾಲು ಉಕ್ಕೀತು ಎಂದು ಒಳಗೆ ಹೋದಳು. ಅಪ್ಪ ಬಸ್ಸು ತಪ್ಪುತ್ತದೆಂದು ಎರಡು ಸಲ ಕೂಗಿದರು. ಅವಳು ಒಳಗಿಂದಲೇ, “ಮುಂದಿನ ತಿಂಗಳು ಹೋದ್ರಾಯ್ತು ಬಿಡಿ,” ಎಂದಳು.

ಮುಂದಿನ ತಿಂಗಳೂ ಅವಳು ಹೋಗಲಿಲ್ಲ. ಅಕ್ಕನೇ ರಜೆಯಲ್ಲಿ ಬಂದಳು.