ಟೀಚರ್ ಕಡಿದ ನೂಲು

ಬೆಳಗ್ಗೆ ಗುಂಡಿ ಹೊಲಿಯೋಣ ಅಂತ ಡಬ್ಬಿ ತೆಗೆದರೆ ಕೆಂಪು ನೂಲಿನ ಉಂಡೆ ಕೈಗೆ ಬಂತು. ಕಂಡದ್ದೇ ತಡ, ಗೆಟ್ಟವಾಡಿ ಶಾಲೆಯ ನಮ್ಮ ವಿಜ್ಞಾನದ ಟೀಚರ್ ನೆನಪಾದರು... ಹೊಲಿಗೆ ಅಲ್ಲಿಗೇ ನಿಂತಿತು.

ತಾಳಮಲೆ ಕಡೆಯಿಂದ ಕಾಡು ದಾಟಿ ಬಸ್ಸಲ್ಲಿ ಬರೋರು. ನಾವು ಒಡೆದುಹಾಕ್ತೀವಿ ಅಂತ ಜಗಲಿಯಲ್ಲಿ ಎತ್ತರಕ್ಕೆ ಕಟ್ಟಿದ್ದ ಥರ್ಮಾಮೀಟರ್ ನೋಡಿ, ಆ ದಿನದ ಬಿಸಿಲು ಎಷ್ಟೋ ಅಷ್ಟು ಎತ್ತರಕ್ಕೆ ಗೋಡೆಯ ಹಲಗೆ ಮೇಲೆ ಒಂದು ಮೊಳೆ ಹೊಡೆಯೋರು. ಮೊಳೆಯಿಂದ ಮೊಳೆಗೆ ಕೆಂಪು ನೂಲು. ಅದೇ ನಮ್ಮ ಗ್ರಾಫು. ಆನೆ ರಸ್ತೆಗೆ ಅಡ್ಡ ನಿಂತ ದಿನ ಬಸ್ಸೂ ಇಲ್ಲ, ಟೀಚರೂ ಇಲ್ಲ, ಮೊಳೆಯೂ ಇಲ್ಲ. ಮಾರನೆಯ ದಿನ ಬಂದು ನೂಲನ್ನು ಹಲ್ಲಲ್ಲಿ ಕಡಿದು, ಜಾಗ ಬಿಟ್ಟು, ಹೊಸ ಗಂಟು ಹಾಕೋರು.

“ಸೇರ್ಸ್‌ಬುಡಿ ಟೀಚರ್, ಚೆಂದಾಗಿರ್ತದೆ,” ಅಂದರೆ ಗದರೋರು: “ನೋಡ್ದೇ ಇರೋದ್ಕೆ ಎಂಗವ್ವಾ ನೂಲು ಎಳೀಲಿ? ಸುಳ್ಳಾಯ್ತದೆ ಕಣ.”

ಈಗ ನನ್ನ ಕೆಲಸವೂ ಅದೇ ನೋಡಿ. ವಿಜ್ಞಾನಿಗಳ ಅಳತೆಗಳನ್ನು ಗ್ರಾಫ್ ಮಾಡಿಕೊಡುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಸುಧಾರಿಸುತ್ತಾ ಕೂತಿದ್ದೇನೆ. ಅಳತೆ ಇಲ್ಲದ ಕಡೆ ಅದು ಸದ್ದಿಲ್ಲದೆ ಗೆರೆ ಸೇರಿಸಿಬಿಡುತ್ತದೆ. ಕಡಿಯಬೇಕೋ, ಹಾಗೇ ಬಿಡಬೇಕೋ, ಇವತ್ತು ನಾನೇ ತೀರ್ಮಾನಿಸಬೇಕು. ಸೇರಿಸಿದರೆ ಎಲ್ಲೋ ಯಾರೋ ಆ ಗೆರೆಯನ್ನು ನಂಬಿಬಿಡುತ್ತಾರೆ. ಟೀಚರ್ ಮಾತು ಹಿಡಿದರೆ ಕಡಿಯೋದೇ ಸರಿ. ಆದರೆ ಆ ಮಹಾತಾಯಿ ನನ್ನ ತಲೆ ಕೆಡಿಸಿ ಹೋಗಿದ್ದಾರಲ್ಲ!

ವರ್ಗವಾಗಿ ಹೊರಟ ದಿನ ಟೀಚರ್ ಗಂಟೆಲ್ಲ ಬಿಚ್ಚಿ, ಮೊದಲ ಮೊಳೆಯಿಂದ ಕೊನೆಯ ಮೊಳೆಯವರೆಗೂ ಒಂದೇ ನೂಲು ಎಳೆದರು. ನನಗೆ ಸಿಟ್ಟೇ ಬಂತು.

“ನೀವು ಬರ್ದೇ ಇದ್ದ ದಿಸ್ವೂ ಸೇರೋಯ್ತಲ್ಲಾ ಟೀಚರ್?”

“ನಾ ಬರ್ದಿದ್ರೂ ಬಿಸ್ಲು ಬಂದಿತ್ತಲ್ಲವ್ವಾ,” ಅಂದು ನಕ್ಕರು. ಕಣ್ಣು ಒದ್ದೆಯಾಗಿತ್ತು... ಅಥವಾ ಹಾಗಂತ ಈಗ ನಾನೇ ಸೇರಿಸಿಕೊಳ್ಳುತ್ತಿದ್ದೇನೋ, ಗೊತ್ತಿಲ್ಲ.

ಅದು ಪಾಠವೋ, ಬರೀ ಹೊರಡುವ ಹೊತ್ತಿನ ಸಂಕಟವೋ? ಕೇಳೋಣ ಅಂದರೆ ಟೀಚರ್ ಇಲ್ಲ. ತೀರಿಕೊಂಡ ಸುದ್ದಿ ಪಣಕಹಳ್ಳಿಯ ಗೆಳತಿಯಿಂದ ನನಗೆ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಮಧ್ಯಾಹ್ನ ಗೆರೆ ಕಡಿಯುವಂತೆಯೇ ಬದಲಾಯಿಸಿದೆ. ಸರಿಯೋ ತಪ್ಪೋ, ಇನ್ನೂ ಗೊಂದಲವೇ. ಪರೀಕ್ಷೆ ಮಾಡೋಣ ಅಂತ ಒಂದಷ್ಟು ಅಂಕಿ ಕೊಟ್ಟೆ. ಪರದೆ ಮೇಲೆ ಗೆರೆ ಬಂದು ನಿಂತಿತು, ಜಾಗ ಬಿಟ್ಟು ಮತ್ತೆ ಹೊರಟಿತು. ಆ ಖಾಲಿ ಜಾಗ ನೋಡುತ್ತಾ ಅಳು ಬಂದುಬಿಟ್ಟಿತು. ಟೀಚರ್ ತೀರಿಕೊಂಡ ದಿನ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಒಂದೂ ಗೊತ್ತಿಲ್ಲ. ಆವತ್ತೂ ಬಿಸಿಲು ಮಾತ್ರ ಬಂದೇ ಇರುತ್ತದೆ.